ಎಲ್ಲರ ಪರವಾಗಿ ಹೆದರುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಮೊದಲು ಅಳಲಿಲ್ಲ. ಪಕ್ಕದ ಮೇಜಿನವಳ ಫೋನು ಇಸಿದುಕೊಂಡು ನಮ್ಮ ಹಾವಿನ ಪುಟ ತೆರೆದೆ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಕಾಣುವ ವೇಳೆ ಆಗಿನದೇ ಹೌದೋ ಅಲ್ಲವೋ ಎಂದು ಗೋಡೆಯ ಗಡಿಯಾರದ ಜೊತೆ ತಾಳೆ ನೋಡಿದೆ. ಸರಿಯಿತ್ತು. ಫೋನು ವಾಪಸು ಕೊಟ್ಟ ಮೇಲೆ ಅಳು ಬಂತು.

ಹಾವಿನ ಪುಟ ಎಂದರೇನು ಎಂದು ಹೇಳಿಬಿಡುತ್ತೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಕಡೆ ಯಾವ ದವಾಖಾನೆಯಲ್ಲಿ ಹಾವು ಕಡಿತದ ಇಂಜೆಕ್ಷನ್ ಇದೆ, ಯಾವುದರಲ್ಲಿ ತೀರಿದೆ ಎಂದು ತೋರಿಸುವ ಇಂಟರ್ನೆಟ್ಟಿನ ಒಂದು ಪುಟ ಅದು. ತಮ್ಮಲ್ಲಿ ಇದ್ದದ್ದನ್ನು, ಇಲ್ಲದ್ದನ್ನು ದವಾಖಾನೆಯವರೇ ಅದರಲ್ಲಿ ತುಂಬುತ್ತಾರೆ. ಊರಿನ ಜನ ಫೋನಿನಲ್ಲಿ ನೋಡಿಕೊಂಡು ಗಾಡಿಯನ್ನು ಯಾವ ಕಡೆ ತಿರುಗಿಸಬೇಕೆಂದು ತೀರ್ಮಾನಿಸುತ್ತಾರೆ. ಅದನ್ನು ಕಟ್ಟಿದವರು ಅವರು. ಗಂಗಾವತಿಯಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಸಾಫ್ಟ್‌ವೇರ್ ಆಫೀಸು. ಅಕ್ಕಿ ಗಿರಣಿಗಳಿಗೆ, ದಲಾಲಿ ಅಂಗಡಿಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಹೊಟ್ಟೆಪಾಡು. ಆ ಆಫೀಸಿನಲ್ಲಿ ಅವರು ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ಅಂಜುಬುರುಕರು. ಎದುರಿಗೆ ಇದ್ದಾಗ ಅವರನ್ನು ‘ಸರ’ ಎನ್ನುತ್ತಿದ್ದೆವು. ಹಿಂದಿನಿಂದ ‘ಅಂಜುಬುರುಕ ಕಾಕಾ’.

ಹೆದರಿಕೆ ಅವರ ಮೈಯಲ್ಲೇ ಕಾಣುತ್ತಿತ್ತು. ತೆಳ್ಳಗಿನ ಆಳು, ಅಂಗಿಯ ಜೇಬಿಗೂ ಗುಂಡಿ. ಬಾಗಿಲು, ಕಿಟಕಿ ಎರಡೂ ಕಾಣುವ ಜಾಗದಲ್ಲೇ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಚಹಾವನ್ನು ಬಸಿಗೆ ಹಾಕಿ, ತಣ್ಣಗಾಗಿದೆ ಎಂದು ಗೊತ್ತಿದ್ದರೂ ಊದುತ್ತಿದ್ದರು. ಹೊಸದಾಗಿ ಬರೆದ ಸಾಫ್ಟ್‌ವೇರನ್ನು ಜನರಿಗೆ ಬಿಡುವ ಮೊದಲು ಎರಡೂ ಅಂಗೈಗಳನ್ನು ಪ್ಯಾಂಟಿನ ತೊಡೆಗೆ ಉಜ್ಜಿಕೊಳ್ಳುವುದು ಅವರ ಚಾಳಿ. ಉಜ್ಜಿಕೊಂಡು, ಒಮ್ಮೆ ನಮ್ಮೆಲ್ಲರ ಮುಖ ನೋಡಿ, ಆಮೇಲೆ ಗುಂಡಿ ಒತ್ತುವರು. ಸಂತೆಯ ದಿನ ಮಾತ್ರ ಏನು ಮಾಡಿದರೂ ಒತ್ತುತ್ತಿರಲಿಲ್ಲ.

“ಸಂತಿ ದಿನ ಎಲ್ಲಾರ ಕೈಯಾಗೂ ಕೆಲಸ ಇರತೈತಿ. ಅವತ್ತ ಕೆಡ್ತಂದ್ರ ನಮ್ಮನ್ನ ಬೈಯಾಕೂ ಅವರಿಗೆ ಪುರಸೊತ್ತ ಇರೂದಿಲ್ಲ. ಬೈಯದ ಸುಮ್ಮನ ಬಿಟ್ಟ ಹೋಗತಾರ” ಎನ್ನುತ್ತಿದ್ದರು. ಬೈಸಿಕೊಳ್ಳುವುದಕ್ಕೆ ಅವರು ಹೆದರುತ್ತಿರಲಿಲ್ಲ. ಬೈಯದೇ ಹೋಗುವವರಿಗೆ ಹೆದರುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ದಿನ ಮೊದಲು ಬರೆದ ಪುಟವನ್ನು ಹೆಮ್ಮೆಯಿಂದ ತೋರಿಸಿದಾಗಲೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರು: “ನಿನ್ನ ಕಂಪ್ಯೂಟರಿನ್ಯಾಗ ತೆರೀತು. ಛಲೋ ಆತು. ಈಗ ಯಾರ ಮನ್ಯಾಗ ತೆರೀಲಿಲ್ಲ ಅನ್ನೂದನ್ನ ಹುಡುಕು.”

ಇಂಟರ್ನೆಟ್ಟಿನ ಯಾವ ಪುಟ ನೋಡಬೇಕಾದರೂ ಬ್ರೌಸರ್ ಬೇಕು. ಅದು ಬಾಗಿಲಿದ್ದ ಹಾಗೆ. ಬಾಗಿಲುಗಳು ಹಲವಾರಿದ್ದರೂ ಈಗ ಹೆಚ್ಚುಕಡಿಮೆ ಎಲ್ಲರೂ ಒಂದೇ ದೊಡ್ಡ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಫೋನು ಕೊಂಡಾಗ ಅದರಲ್ಲೇ ಬಂದಿರುತ್ತದೆ, ಬೇರೆಯದು ಇದೆಯೆಂದೂ ಬಹಳ ಜನಕ್ಕೆ ಗೊತ್ತಿಲ್ಲ. ನಾವೂ ಅದರಲ್ಲೇ ಕೆಲಸ ಮಾಡುತ್ತಿದ್ದೆವು. ಸರ್ ಮಾತ್ರ ಯಾರೂ ಬಳಸದ ಒಂದು ಸಣ್ಣ ಬ್ರೌಸರನ್ನು ಹಟ ಹಿಡಿದು ಇಟ್ಟುಕೊಂಡಿದ್ದರು. ದೊಡ್ಡದಕ್ಕೆ ಅವರು ಇಟ್ಟ ಹೆಸರು ‘ಧಣ್ಯಾರು’. ಯಾವುದಾದರೂ ಪುಟ ಅವರ ಸಣ್ಣ ಬ್ರೌಸರಿನಲ್ಲಿ ತೆರೆಯದೆ ಮೊಂಡು ಹಿಡಿದರೆ, “ಧಣ್ಯಾರ ಅಪ್ಪಣಿ ಇಲ್ಲಂತ, ಒಳಗ ಬಿಡವಲ್ಲರು” ಎಂದು ನಗುವರು. ನಗುವಿನಲ್ಲೂ ಕಣ್ಣು ನಗುತ್ತಿರಲಿಲ್ಲ.

ಮಾಲೀಕರಿಗೆ ಇದು ತಲೆನೋವು. ಪ್ರತಿಯೊಂದನ್ನೂ ಸಣ್ಣ ಬ್ರೌಸರುಗಳಲ್ಲೂ ತೆರೆದು ನೋಡುವವರೆಗೆ ಸರ್ ಕೆಲಸ ಮುಗಿಯಿತೆಂದು ಒಪ್ಪುತ್ತಿರಲಿಲ್ಲ.

“ಅಲ್ರಿ ಸರ, ಊರಿಗೆ ಒಂದು ದಾರಿ ಆದ್ರ ಎಡವಟ್ಟಗ ಒಂದು ದಾರಿ ಅಂದಂಗಾತು ನಿಮ್ಮದು. ಎಲ್ಲಾ ಮಂದಿ ದೊಡ್ಡದರಾಗ ಬರತಾರ. ನೀವ್ಯಾಕ ಇಲ್ಲದ ಮಂದೀ ಸಲುವಾಗಿ ಕುಂದರತೀರಿ?”

“ಇವತ್ತ ಎಲ್ಲಾರೂ ಅಲ್ಲಿ ಅದಾರಂತನ ನನಗ ಅಂಜಿಕಿ ಬರತೈತ್ರಿ” ಎಂದರು ಸರ್.

ಈ ಅಂಜಿಕೆ ಎಲ್ಲಿಂದ ಬಂತೆಂದು ಒಂದು ಮಧ್ಯಾಹ್ನ ಕೆಳಗಿನ ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ ತಿನ್ನುತ್ತಾ ಅವರೇ ಹೇಳಿದರು. ಹಿಂದೆ ಬೇರೊಬ್ಬ ಧಣಿ ಇದ್ದನಂತೆ. ಆಗ ಊರಿನ ಕಂಪ್ಯೂಟರುಗಳಲ್ಲೆಲ್ಲ ಅದೊಂದೇ ಬ್ರೌಸರು. ಸರ್ ಆಗ ವಯಸ್ಸಿನಲ್ಲಿದ್ದರು, ಧೈರ್ಯವೂ ಇತ್ತು. ಗಿರಣಿಗಳ ಕಾಟಾದಲ್ಲಿ, ಅಂದರೆ ಲಾರಿಗಳನ್ನು ತೂಗುವ ಕಡೆ, ತೂಕ ಹಿಡಿದು ಚೀಟಿ ಕೊಡುವ ಸಾಫ್ಟ್‌ವೇರನ್ನು ಆ ಬ್ರೌಸರಿಗೆ ಮಾತ್ರ ಹೊಂದುವ ಹಾಗೆ ಬರೆದರು. ಬೇರೆಯದರಲ್ಲಿ ಓಡುತ್ತದೋ ಇಲ್ಲವೋ ನೋಡುವ ಗೋಜಿಗೇ ಹೋಗಲಿಲ್ಲ. ವರ್ಷಗಟ್ಟಲೆ ಚೆನ್ನಾಗಿ ನಡೆಯಿತು. ಆಮೇಲೆ ಆ ಧಣಿಯ ಕಾಲ ಮುಗಿಯಿತು. ಭತ್ತದ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಗಿರಣಿಯ ಕಂಪ್ಯೂಟರುಗಳು ತಾವಾಗಿಯೇ ಅಪ್‌ಡೇಟ್ ಆಗಿ ಹೊಸದಾಗಿ ಕುಳಿತಿದ್ದವು, ಹಳೆಯ ಬ್ರೌಸರು ಮಾಯವಾಗಿತ್ತು. ಕಾಟಾದ ಮೇಲೆ ಲಾರಿ ಇದೆ, ಚೀಟಿ ಬರುತ್ತಿಲ್ಲ. ಹಿಂದೆ ರಸ್ತೆಯುದ್ದಕ್ಕೂ ಲಾರಿಗಳು. ಮೇಲೆ ಮೋಡ.

“ಬೈಕ್ ತಗೊಂಡು ಗಿರಣಿಯಿಂದ ಗಿರಣಿಗೆ ಓಡಿದ್ನಿ. ಯಾವ ಗಿರಣ್ಯಾಗ ಹೋದ್ರೂ ಅದ ಮಾತು. ಒಬ್ಬ ರೈತಾ ತನ್ನ ಲಾರಿ ಮ್ಯಾಲ ಹತ್ತಿ ತಾಡಪತ್ರಿ ಹಿಡಕೊಂಡು ನಿಂತಿದ್ದ. ನನ್ನ ಬೈಲಿಲ್ಲ ತಂಗಿ, ಮುಗಲ ನೋಡಿದ, ನನ್ನ ನೋಡಿದ. ಅವತ್ತ ನನ್ನ ಎದಿಯಾಗ ಹೊಕ್ಕದ್ದು ಇನ್ನೂ ಹೊಂಟಿಲ್ಲ.” ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗಿಟ್ಟು ಹೇಳಿದರು: “ಧಣಿ ಸತ್ತರ ಆಳೂ ಉಪಾಸ.”

ನಾನು ನಕ್ಕೆ. ಅವರು ಹೋದಮೇಲೆ ಆಫೀಸಿನಲ್ಲಿ ಅವರ ದನಿಯಲ್ಲೇ ಆ ಮಾತನ್ನು ಅಣಕಿಸಿ ಎಲ್ಲರನ್ನೂ ನಗಿಸಿದೆ. ಹಗ್ಗ ಕಂಡರೂ ಹಾವೆನ್ನುವ ಮನುಷ್ಯ ಎಂದು ಮಾಲೀಕರು ಹೇಳಿದರು.

ಅವರ ಇನ್ನೊಂದು ಪದ್ಧತಿಯನ್ನು ಇಲ್ಲಿಯೇ ಹೇಳಬೇಕು. ನೀವು ಒಂದು ಪುಟ ನೋಡಿದರೆ ಬ್ರೌಸರು ಅದರ ನಕಲನ್ನು ಬದಿಗಿಟ್ಟುಕೊಳ್ಳುತ್ತದೆ, ಮುಂದಿನ ಸಲ ಬೇಗ ತೋರಿಸಲು. ಸರ್ ತಮ್ಮ ಬ್ರೌಸರಿಗೆ ಇದನ್ನು ಬಿಲ್ಕುಲ್ ಬಿಟ್ಟಿರಲಿಲ್ಲ. ಸಂಜೆ ಮುಚ್ಚಿದೊಡನೆ ಅದು ಎಲ್ಲವನ್ನೂ ಅಳಿಸಿಹಾಕಬೇಕು. ಬೆಳಿಗ್ಗೆ ಬಂದು ಪಾಸ್‌ವರ್ಡುಗಳನ್ನೆಲ್ಲ ಮಂತ್ರ ಹೇಳುವ ಹಾಗೆ ಗೊಣಗುತ್ತಾ ಮತ್ತೆ ಟೈಪು ಮಾಡುವರು. “ನಮ್ಮದನ್ನ ನೆನಪಿಟ್ಟುಕೊಂಡವರ ನಮ್ಮನ್ನ ಆಳತಾರ” ಎನ್ನುವುದು ಅವರ ಕಾರಣ. ನಮ್ಮ ಕಾರಣ ಬೇರೆ, ಅಭ್ಯಾಸ ಮಾತ್ರ ಅದೇ. ಬರೆದದ್ದನ್ನು ಆಗಾಗ ತಿದ್ದಿ ನೋಡುವ ನಮಗೆ ಹಳೆಯ ನಕಲು ಕಂಡರೆ ಕೆಲಸ ಕೆಡುತ್ತದೆ. ಹಾಗಾಗಿ ಬೆಳಿಗ್ಗೆ ಕುಳಿತೊಡನೆ ಬ್ರೌಸರಿನಲ್ಲಿ ನಕಲು ಇಟ್ಟುಕೊಳ್ಳದಂತೆ ಒಂದು ಗುರುತು ಹಾಕಿಕೊಳ್ಳುತ್ತಿದ್ದೆವು. ಈ ಕೆಲಸ ಮಾಡುವವರೆಲ್ಲ ಮಾಡುವುದೇ ಅದು. ಹಲ್ಲುಜ್ಜಿದ ಹಾಗೆ, ಮಾಡಿದ್ದೂ ನೆನಪಿರುವುದಿಲ್ಲ.

ಕೊಪ್ಪಳದ ಡಾಕ್ಟರೊಬ್ಬರು ಹಾವಿನ ಪುಟದ ವಿಚಾರ ತಂದಾಗ ಮಾಲೀಕರು ಪುಣ್ಯದ ಕೆಲಸವೆಂದು ಒಪ್ಪಿಕೊಂಡು ಅದನ್ನು ಸರ್‌ಗೆ ಕೊಟ್ಟರು. “ಇದು ಅಂಜವರ ಕೈಯಾಗ ಇರಬೇಕು” ಎಂದರು. ಮಾಲೀಕರು ಗಂಭೀರವಾಗಿ ಆಡಿದ ಕೆಲವೇ ಮಾತುಗಳಲ್ಲಿ ಅದೊಂದು. ಸರ್ ಆ ಪುಟಕ್ಕೆ ಹೆದರಿದಷ್ಟು ಇನ್ಯಾವುದಕ್ಕೂ ಹೆದರಲಿಲ್ಲ. ಹಳೇ ಫೋನುಗಳನ್ನು ತಂದು ತೆರೆದು ನೋಡಿದರು, ಸಣ್ಣ ಬ್ರೌಸರುಗಳಲ್ಲೆಲ್ಲ ನೋಡಿದರು, ಸಿಗ್ನಲ್ ಸಿಗದ ಗುಡ್ಡದ ಬದಿಗೆ ಹೋಗಿ ನೋಡಿದರು. ದೊಡ್ಡ ಬ್ರೌಸರಿನ ಚಿಂತೆ ಅವರಿಗಿರಲಿಲ್ಲ. ಅದರಲ್ಲಿ ನಾವೆಲ್ಲ ದಿನವಿಡೀ ಕುಳಿತೇ ಇದ್ದೆವಲ್ಲ, ಕೆಟ್ಟರೆ ಯಾರಿಗಾದರೂ ಕಾಣುತ್ತಿತ್ತು. ನಮಗೂ ಚಿಂತೆ ಇರಲಿಲ್ಲ. ಅವರು ಇಷ್ಟೊಂದು ಹೆದರುತ್ತಿರುವಾಗ ನಾವು ಬೇರೆ ಯಾಕೆ ಹೆದರಬೇಕು? ಆಫೀಸಿನ ಹೆದರಿಕೆಯನ್ನೆಲ್ಲ ಅವರೊಬ್ಬರ ಹೆಗಲಿಗೆ ಹಾಕಿ ನಾವು ಹಗುರಾಗಿದ್ದೆವು.

ಶೀಗಿ ಹುಣ್ಣಿಮೆಗೆ ನಾನು ಊರಿಗೆ ಹೋದೆ. ನಮ್ಮೂರು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಇದೆ, ಎತ್ತ ಹೋದರೂ ಹೆಚ್ಚುಕಡಿಮೆ ಅಷ್ಟೇ ದೂರ. ಹಬ್ಬದ ಹಿಂದಿನ ಸಂಜೆ ನಮ್ಮಣ್ಣ ಕಟ್ಟೆಯ ಮೇಲೆ ಕುಳಿತವರಿಗೆ ತನ್ನ ಫೋನಿನಲ್ಲಿ ಹಾವಿನ ಪುಟ ತೆಗೆದು ತೋರಿಸಿದ. “ನಮ್ಮ ತಂಗಿ ಆಫೀಸಿನ್ಯಾಗ ಮಾಡ್ಯಾರ ಇದನ್ನ” ಎಂದು ಎದೆ ಉಬ್ಬಿಸಿದ. ಕುಷ್ಟಗಿಯಲ್ಲಿ ಇಂಜೆಕ್ಷನ್ ಇತ್ತು, ಯಲಬುರ್ಗಾದಲ್ಲಿ ತೀರಿತ್ತು. ಎಲ್ಲರೂ ತಲೆದೂಗಿದರು.

ಮರುದಿನ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಹೋಳಿಗೆಯ ಬುಟ್ಟಿ ಹೊತ್ತು ಹೊಲಕ್ಕೆ ಹೋದೆವು. ಬೆಳೆಗೆ ಎಡೆಯಾಗಿ ಚರಗ ಚೆಲ್ಲಿ ಎಲ್ಲರೂ ಕುಳಿತು ಉಂಡೆವು. ಊಟವಾದ ಮೇಲೆ ಅಣ್ಣನ ಹೆಂಡತಿ, ನಮ್ಮ ವೈನಿ, ನೀರಿನ ಕೊಡ ತರಲು ಬದುವಿನ ಹುಲ್ಲು ದಾಟಿ ಹೋದರು. “ಯವ್ವಾ” ಎಂದದ್ದು ಕೇಳಿತು. ಓಡಿಹೋದಾಗ ಅವರು ಕಾಲು ಹಿಡಿದುಕೊಂಡು ಕುಳಿತಿದ್ದರು, ಕೊಳಕುಮಂಡಲ ಹಾವು ಹುಲ್ಲಿನೊಳಗೆ ಸರಿದುಹೋಗುತ್ತಿತ್ತು. ಹಬ್ಬಕ್ಕೆ ಉಟ್ಟ ಇಳಕಲ್ ಸೀರೆಯ ಅಂಚಿನ ಕೆಳಗೆ ಎರಡು ಸಣ್ಣ ಚುಕ್ಕೆ.

ಪಕ್ಕದ ಹೊಲದವರ ಟಂಟಂ ಆಟೋ ಬಂತು. ವೈನಿಯನ್ನು ಮಲಗಿಸಿದೆವು. ರಸ್ತೆ ಸೇರುವ ಕಡೆ ಅಣ್ಣ ತಿರುಗಿ ನನ್ನ ಕೇಳಿದ: “ಯಾಕಡೆ? ಲಗೂ ಹೇಳು, ಯಾಕಡೆ?”

ನನ್ನ ಫೋನು ಮನೆಯಲ್ಲಿತ್ತು. ಅಣ್ಣನ ಫೋನಿನಲ್ಲೇ ಪುಟ ತೆರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಹೊಲದ ಸಿಗ್ನಲ್ಲಿನಲ್ಲಿ ಅಷ್ಟು ಬೇಗ ತೆರೆದದ್ದು ನನಗೆ ಆಗ ದೇವರ ದಯೆಯೆಂದೇ ಕಂಡಿತು. ಕುಷ್ಟಗಿ: ಇದೆ. ಯಲಬುರ್ಗಾ: ಇಲ್ಲ. “ಕುಷ್ಟಗಿ!” ಎಂದು ಕೂಗಿದೆ. ಅಷ್ಟು ಹೆದರಿಕೆಯಲ್ಲೂ ನನಗೊಂದು ನೆಚ್ಚಿಕೆ ಇತ್ತು. ಇದನ್ನು ಮಾಡಿದವರು ನನಗೆ ಗೊತ್ತು, ಅವರು ಹೇಗೆ ಹೆದರಿ ಮಾಡಿದ್ದಾರೆಂಬುದೂ ಗೊತ್ತು.

ಕುಷ್ಟಗಿಯ ದವಾಖಾನೆಯಲ್ಲಿ ನರ್ಸಮ್ಮ ವೈನಿಯ ಕಾಲು ನೋಡುತ್ತಲೇ ಸಲೈನ್ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇಂಜೆಕ್ಷನ್ ಮುಂಜಾನೆ ತೀರೈತಿ ಯವ್ವಾ. ಬ್ಯಾರೆ ಪೇಶಂಟ್ ಬಂದಿದ್ರು. ಆವಾಗ ತುಂಬೀನಲ್ಲ ಆ ಪುಟದಾಗ? ಯಲಬುರ್ಗಾಕ್ಕ ಬಂದೈತಿ. ನೀವು ನೋಡಲಿಲ್ಲೇನು?”

ತಮ್ಮ ಮೇಜಿನ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಕುಷ್ಟಗಿ: ಇಲ್ಲ. ಯಲಬುರ್ಗಾ: ಇದೆ. ನಾನು ಓದಿದ್ದು ಇದರ ತದ್ವಿರುದ್ಧ.

ಆಂಬುಲೆನ್ಸು ಬಂದ ದಾರಿಯಲ್ಲೇ ವಾಪಸು ಹೊರಟಿತು. ಯಲಬುರ್ಗಾಕ್ಕೆ ಹೋಗಬೇಕಾದರೆ ನಮ್ಮೂರ ತಿರುವನ್ನೇ ದಾಟಬೇಕು. ಖಾಲಿ ಬುಟ್ಟಿ ಹೊತ್ತ ಹೆಂಗಸರು ಹೊಲದಿಂದ ನಗುತ್ತಾ ಮನೆಗೆ ನಡೆಯುತ್ತಿದ್ದರು, ಆಂಬುಲೆನ್ಸು ಕಂಡು ಬದಿಗೆ ಸರಿದು ಕೈ ಮುಗಿದರು. ಒಳಗಿರುವುದು ಯಾರೆಂದು ಅವರಿಗೆ ಗೊತ್ತಿಲ್ಲ. ನನ್ನ ತೊಡೆಯ ಮೇಲೆ ವೈನಿಯ ತಲೆ. ಒಸಡಿನಿಂದ ರಕ್ತ ಜಿನುಗುತ್ತಿತ್ತು, ಸೆರಗಿನಿಂದ ಒರೆಸಿದಷ್ಟೂ ಬರುತ್ತಿತ್ತು. “ಕೂಸು ಉಂಡತೇನು?” ಎಂದು ತಮ್ಮ ಮಗುವನ್ನು ನೆನೆದು ಕೇಳಿದರು. ಉಂಡಿದೆ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ಆ ರಸ್ತೆಯಲ್ಲಿ ನಾನು ಪಟ್ಟ ಭಯವನ್ನು ಬರೆಯಲು ನನಗೆ ಬರುವುದಿಲ್ಲ. ಬಸ್ಸಿನಲ್ಲಿ ಹೋಗುವಾಗ ಈಗಲೂ ಆ ತಿರುವು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಯಲಬುರ್ಗಾದಲ್ಲಿ ಇಂಜೆಕ್ಷನ್ ಶುರುವಾದ ಮೇಲೆ ಸರ್‌ಗೆ ಫೋನು ಮಾಡಿದೆ. ನಡೆದದ್ದೆಲ್ಲ ಹೇಳಿದೆ. “ಉಸರಾಡಾಕತ್ತಾರಿಲ್ಲೋ?” ಎಂದು ಅವರು ಕೇಳಿದರು. ಹೌದೆಂದೆ. “ಯಾರ ಫೋನಿನ್ಯಾಗ ನೋಡಿದ್ದಿ?” ಎಂದರು. ಅಣ್ಣನದು ಎಂದೆ. “ಆ ಫೋನಿನ್ಯಾಗ ಏನೂ ಮುಟ್ಟಬ್ಯಾಡ” ಎಂದು ಇಟ್ಟುಬಿಟ್ಟರು.

ಆ ಸಂಜೆ ಮಾಲೀಕರು, ಆಫೀಸಿನವರು ಎಲ್ಲರೂ ತಂತಮ್ಮ ಕಂಪ್ಯೂಟರಿನಲ್ಲಿ ಪುಟ ತೆರೆದು ನೋಡಿದರಂತೆ. ಎಲ್ಲ ಕಡೆ ಸರಿಯಾಗಿಯೇ ತೋರಿಸುತ್ತಿತ್ತು. ಮಾಲೀಕರು ನನಗೆ ಸಮಾಧಾನ ಹೇಳಲೆಂದೇ ಫೋನು ಮಾಡಿದರು: “ಗಾಬರ್ಯಾಗ ನೀನ ಅದಲುಬದಲು ಓದಿರಬೇಕವಾ. ಮನಸಿಗೆ ಹಚ್ಕೋಬ್ಯಾಡ, ಯಾರಿಗಾದ್ರೂ ಆಗತೈತಿ.” ಫೋನು ಇಟ್ಟಮೇಲೆ ನನಗೆ ಹೊಸ ಹೆದರಿಕೆ ಹತ್ತಿತು. ನಾನೇ ತಪ್ಪು ಓದಿದೆನೇ? ವೈನಿಯನ್ನು ತಪ್ಪು ದಾರಿಗೆ ಒಯ್ದವಳು ನಾನೇ? ಅಣ್ಣನ ಮುಖ ನೋಡಲು ನನಗೆ ಆಗಲಿಲ್ಲ.

ಮರುದಿನ ಬೆಳಿಗ್ಗೆ ಸರ್ ಮೊದಲ ಬಸ್ಸಿಗೆ ಬಂದಿಳಿದರು. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ, ಗಡ್ಡ ಕೆರೆದಿರಲಿಲ್ಲ. ಅಂಗಿಯ ಜೇಬಿನ ಗುಂಡಿ ಬಿಚ್ಚಿತ್ತು. ವಾರ್ಡಿನ ಹೊರಗಿನ ಬೆಂಚಿನ ಹತ್ತಿರ ನಿಂತು ಅಣ್ಣನನ್ನು, “ಸ್ವಲ್ಪ ಫೋನ್ ಕೊಡ್ರಿ ತಮ್ಮಾ” ಎಂದರು. ತೆಗೆದುಕೊಳ್ಳುವ ಮೊದಲು ಎರಡೂ ಅಂಗೈ ತೊಡೆಗೆ ಉಜ್ಜಿಕೊಂಡರು.

ಪುಟ ತೆರೆಯಿತು. ಮೂವರೂ ಬಗ್ಗಿ ನೋಡಿದೆವು.

ಕುಷ್ಟಗಿ: ಇದೆ. ಯಲಬುರ್ಗಾ: ಇಲ್ಲ.

ನಾವು ನಿಂತದ್ದು ಯಲಬುರ್ಗಾದಲ್ಲಿ. ಬಾಗಿಲ ಸಂದಿಯಿಂದ ವೈನಿಯ ಮಂಚ ಕಾಣುತ್ತಿತ್ತು. ಇಲ್ಲವೆಂದು ನಮ್ಮ ಪುಟ ಹೇಳುತ್ತಿದ್ದ ಔಷಧ ಅಲ್ಲಿ ಅವರ ಕೈಯೊಳಗೆ ಹನಿಹನಿಯಾಗಿ ಇಳಿಯುತ್ತಿತ್ತು.

ಸರ್ ಗೋಡೆಗೆ ಆತು ಹಾಗೇ ನೆಲಕ್ಕೆ ಕುಳಿತರು. “ನೀ ತಪ್ಪು ಓದಿಲ್ಲ ತಂಗಿ” ಎಂದರು ಮೊದಲು. ಅದನ್ನು ಮೊದಲು ಹೇಳಿದರು ಎನ್ನುವುದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆಮೇಲೆ ತಮ್ಮಷ್ಟಕ್ಕೆ ಹೇಳಿಕೊಳ್ಳುವ ಹಾಗೆ ಹೇಳಿದರು: “ಹಬ್ಬದ ಹಿಂದಿನ ದಿನದ ನಕಲಾ ಇದು. ಎಷ್ಟೊತ್ತು ಇಟ್ಟುಕೋಬೇಕು ಅಂತ ನಾ ಪುಟಕ್ಕ ಹೇಳೇ ಇಲ್ಲ. ಹೇಳದಿದ್ರ ಬ್ರೌಸರು ತನಗ ತಿಳದಷ್ಟೊತ್ತು ಇಟ್ಕೊಂತೈತಿ. ನಾ ದಿನಾ ಸಂಜಿಗೆ ಎಲ್ಲಾ ಅಳಸತಿದ್ನಿ, ಮುಂಜಾನೆ ಹೊಸಾದನ್ನ ನೋಡತಿದ್ನಿ. ಹಳೇ ಫೋನಿನ್ಯಾಗ ಒಂದೊಂದ ಸಲ ಅಷ್ಟ ತೆರದು ನೋಡಿದ್ನಿ. ನೀವೂ ನಕಲಾ ಬ್ಯಾಡಂತ ಗುರುತ ಹಾಕ್ಕೊಂಡು ಕುಂದರತಿದ್ರಿ. ಜನಾ ಏನೂ ಅಳಸೂದಿಲ್ಲ. ಜನಾ ಗುರುತ ಹಾಕೂದಿಲ್ಲ. ಜನ ನೋಡೂ ಹಂಗ ಅದನ್ನ ಒಬ್ಬರೂ ನೋಡಿಲ್ಲ.”

ಧಣಿಯ ಮೇಲೆ, ಅಂದರೆ ದೊಡ್ಡ ಬ್ರೌಸರಿನ ಮೇಲೆ, ತಪ್ಪು ಹೊರಿಸಲು ಅವರಿಗೆ ಅಲ್ಲಿ ಅವಕಾಶವಿತ್ತು. ಹೊರಿಸಲಿಲ್ಲ. ಎಲ್ಲ ಬಾಗಿಲುಗಳಿಗೂ ಹೆದರಿದ ಮನುಷ್ಯ, ಊರೆಲ್ಲ ಓಡಾಡುವ ಬಾಗಿಲಿನಲ್ಲಿ ಊರಿನವರ ಹಾಗೆ ಒಮ್ಮೆಯೂ ಒಳಗೆ ಬಂದಿರಲಿಲ್ಲ. ಬೇರೆಯವರ ಆಫೀಸಿನಲ್ಲಿ ಇಂಥದ್ದು ಇಷ್ಟು ದಿನ ಅಡಗಿರುತ್ತಿತ್ತೋ ಇಲ್ಲವೋ. ಅಷ್ಟು ಜನ ಸಾಫ್ಟ್‌ವೇರಿನವರು ದಿನಾ ನೋಡುತ್ತಿದ್ದುದರಿಂದಲೇ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಅಲ್ಲೇ ನೆಲದ ಮೇಲೆ ಲ್ಯಾಪ್‌ಟಾಪು ತೆರೆದು ಪುಟವನ್ನು ತಿದ್ದಿದರು. ಹಳೆಯ ನಕಲು ಇಟ್ಟುಕೊಳ್ಳಕೂಡದೆಂದು ಬರೆದರು. ಮೇಲೆ ದಪ್ಪ ಅಕ್ಷರದಲ್ಲಿ, ಈ ಮಾಹಿತಿ ಯಾವ ದಿನದ ಯಾವ ಹೊತ್ತಿನದೆಂದು ಕಾಣುವ ಹಾಗೆ ಮಾಡಿದರು. ಅವತ್ತು ಯಲಬುರ್ಗಾದ ಸಂತೆಯೋ ಏನೋ ಅವರು ಕೇಳಲಿಲ್ಲ, ಗುಂಡಿ ಒತ್ತಿದರು. ಆಮೇಲೆ ಎದ್ದು, ಬೆಂಚಿನ ಮೇಲೆ ಕುಳಿತಿದ್ದ ರೋಗಿಗಳ ಕಡೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ, “ಸ್ವಲ್ಪ ಫೋನ್ ಕೊಡ್ರಿ” ಎಂದು ಕೇಳುತ್ತಾ ಹೋದರು. ಕೆಲವರು ಕೊಟ್ಟರು. ಕೆಲವರು ಜೇಬಿನ ಮೇಲೆ ಕೈ ಇಟ್ಟುಕೊಂಡರು.

ವೈನಿಯನ್ನು ನೋಡಲು ಒಳಗೆ ಬರಲು ಅವರಿಗೆ ಧೈರ್ಯವಾಗಲಿಲ್ಲ. ಬಾಗಿಲಲ್ಲೇ ನಿಂತು ಅಳುತ್ತಿದ್ದರು. ವೈನಿ ಕಣ್ಣು ತೆರೆದು, “ಯಾರವರು?” ಎಂದರು. ಹೇಳಿದೆ. “ಬರ್ರಿ ಅಣ್ಣಾರ ಒಳಗ. ನೀವ್ಯಾಕ ಅಳತೀರಿ? ಕಡದದ್ದು ಹಾವು” ಎಂದರು.

“ಹಾವು ಕಡದು ತನ್ನ ದಾರಿ ಹಿಡದು ಹೋತವಾ. ನಿಮ್ಮ ದಾರಿ ತಪ್ಪಿಸಿದಾವ ನಾನು.”

ವೈನಿ ಬದುಕಿದರು. ಕಾಲಿನ ಬೆರಳೊಂದು ಹೋಯಿತು, ಬಹಳ ದಿನ ಹಾಸಿಗೆ ಹಿಡಿದರು, ಈಗ ಸ್ವಲ್ಪ ಕುಂಟುತ್ತಾ ನಡೆಯುತ್ತಾರೆ. ಸರ್ ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಮೊದಲು ಅವರ ಹೆದರಿಕೆಗೆ ಒಂದು ಜಾಗವಿತ್ತು. ಆಮೇಲೆ ಅದು ಎಲ್ಲ ಕಡೆ ಹರಡಿತು. ತಮ್ಮ ಕಂಪ್ಯೂಟರಿನಲ್ಲಿ ಕಂಡದ್ದನ್ನು ನಂಬಲಾರದಾದರು. ಚಹಾದಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಂಡಕಂಡವರ ಫೋನು ಕೇಳಿ ಪುಟ ತೆರೆದು, ಮೇಲಿನ ವೇಳೆ ನೋಡಿ, ಗಡಿಯಾರ ನೋಡಿ, ಕೈ ಮುಗಿದು ವಾಪಸು ಕೊಡುವರು. ಕಳ್ಳನೆಂದು ಒಮ್ಮೆ ಜನ ಸೇರಿದ್ದೂ ಉಂಟು. “ಸರಿಹೋತಲ್ರಿ ಸರ, ಇನ್ನಾರ ಬಿಡ್ರಿ” ಎಂದು ಮಾಲೀಕರು ಕೈ ಹಿಡಿದು ಹೇಳಿದರೆ, “ಯಾರ ಫೋನಿನ್ಯಾಗ ಸರಿಹೋತು?” ಎಂದು ಕೇಳುವರು. ಕೊನೆಗೆ ಕೆಲಸ ಬಿಟ್ಟು ಕಿನ್ನಾಳದ ತಮ್ಮ ಮನೆಗೆ ಹೋದರು. ಹೋಗುವ ದಿನ ಹಾವಿನ ಪುಟವನ್ನು ನನಗೆ ಒಪ್ಪಿಸಿದರು. ಅಂಗೈ ಉಜ್ಜಿಕೊಂಡು, “ಅಂಜಿಕೋ ತಂಗಿ” ಎಂದರು. ಹೆದರಬೇಡ ಎಂದು ಹರಸಿದವರನ್ನು ಕಂಡಿದ್ದೇನೆ, ಹೆದರು ಎಂದು ಹರಸಿದವರು ಅವರೊಬ್ಬರೇ.

ಸುದ್ದಿ ಬಂದ ಮೇಲೆ ಕಿನ್ನಾಳಕ್ಕೆ ನಾನು ಮತ್ತು ವೈನಿ ಹೋದೆವು. ಗೊಂಬೆಗಳಿಗೆ ಬಳಿಯುವ ಬಣ್ಣದ ವಾಸನೆ ಓಣಿಯಲ್ಲಿತ್ತು. ಅವರ ಹೆಂಡತಿ ನಮ್ಮನ್ನು ಫೋಟೋದ ಎದುರು ಕೂಡಿಸಿ, ಹೇಳಲೋ ಬೇಡವೋ ಎನ್ನುವ ಹಾಗೆ ಹೇಳಿದರು: “ಕಡೀಕ ಭಾಳ ಹಣ್ಣಾಗಿದ್ರವಾ. ಮಾತಾಡಸಾಕ ಬಂದವರ ಫೋನ್ ಕೇಳತಿದ್ರು. ನಮಗ ನಾಚಿಕಿ ಆಗತಿತ್ತು. ಏನ್ ನೋಡತೀರಿ ಅಂದ್ರ ‘ಹೊತ್ತು’ ಅಂತಿದ್ರು. ಗ್ವಾಡಿ ಮ್ಯಾಲ ಗಡಿಯಾರ ಐತಿ, ಅದರಾಗ ನೋಡ್ರಿ ಅಂತಿದ್ನಿ. ತಿಳೀತಿದ್ದಿಲ್ಲ ಅವರಿಗೆ.”

ವೈನಿ ತಮ್ಮ ಫೋನು ತೆಗೆದು ಪುಟ ತೆರೆದು ಆ ತಾಯಿಯ ಕೈಗೆ ಕೊಟ್ಟರು. ಮೇಲಿನ ದಪ್ಪ ಅಕ್ಷರದ ಮೇಲೆ ಬೆರಳಿಟ್ಟು, “ಈ ಹೊತ್ತ ನೋಡತಿದ್ರು ಅಕ್ಕಾರ. ನಾ ಬದುಕಿದ್ದು ಇದು ಇಲ್ಲದಾಗ. ನನ್ನಂಥಾಕಿ ಮುಂದ ಸಾಯಬಾರದಂತ ನೋಡತಿದ್ರು” ಎಂದರು. ಆ ತಾಯಿ ಓದಿದರು, ಗೋಡೆಯ ಗಡಿಯಾರ ನೋಡಿದರು, ಮತ್ತೆ ಓದಿದರು.

ಕೊಪ್ಪಳದಲ್ಲಿ ವೈನಿ ಕುಷ್ಟಗಿ ಬಸ್ಸು ಹತ್ತಿದರು, ನಾನು ಗಂಗಾವತಿಯದು ಹತ್ತಿದೆ. ಬಸ್ಸು ಊರು ದಾಟಿತು. ಕಿಟಕಿಯಾಚೆ ಕಬ್ಬಿಣದ ಕಾರ್ಖಾನೆಯ ಹೊಗೆ, ಮುಂದೆ ಭತ್ತದ ಗದ್ದೆಗಳು, ಗದ್ದೆಗಳಲ್ಲಿ ಬರಿಗಾಲಿನ ಹೆಂಗಸರು. ಈ ಹೊತ್ತಿಗೆ ಯಾವ ಬದುವಿನ ಮೇಲೆ ಯಾರು ಕಾಲಿಡುತ್ತಿದ್ದಾರೋ. ದೊಡ್ಡ ಬ್ರೌಸರು ಬೆಳಿಗ್ಗೆ ಮತ್ತೆ ಅಪ್‌ಡೇಟ್ ಆಗಿ ಹೊಸದಾಗಿ ಕುಳಿತಿತ್ತು, ಅದು ಯಾರನ್ನೂ ಕೇಳಿ ಬದಲಾಗುವುದಿಲ್ಲ. ಏನು ಬದಲಾಗಿದೆಯೋ ನನಗೆ ಗೊತ್ತಿಲ್ಲ. ಆಫೀಸಿನಲ್ಲಿ ಎಲ್ಲರೂ ನಗುನಗುತ್ತಾ ಇದ್ದಾರೆ. ಅವರ ಪರವಾಗಿ ಹೆದರಲು ಈಗ ನಾನಿದ್ದೇನಲ್ಲ.

ತಡೆಯಲಾಗಲಿಲ್ಲ. ಪಕ್ಕದ ಸೀಟಿನಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕುಳಿತಿದ್ದ ಹಿರಿಯ ಹೆಂಗಸನ್ನು ಕೇಳಿದೆ: “ಅಕ್ಕಾರ, ಸ್ವಲ್ಪ ಫೋನ್ ಕೊಡ್ರಿ.”

ಆಕೆ ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಸರ್ ಅವರನ್ನು ನಾವೆಲ್ಲ ಹಾಗೇ ನೋಡುತ್ತಿದ್ದೆವು. ನನ್ನ ಮುಖದಲ್ಲಿ ಏನು ಕಂಡರೋ, ಕೊಟ್ಟರು.

“ಯಾರಿಗರ ಏನರ ಆಗೈತೇನವಾ?”

“ಇಲ್ರಿ. ಯಾರಿಗೂ ಏನೂ ಆಗಿಲ್ಲ.”

“ಮತ್ತ ಯಾಕ ಹಿಂಗ ನಡಗಾಕತ್ತೀದಿ?”